ಬೆಸ ಸಂಖ್ಯೆ

ಮೂರು ತಿಂಗಳು ಹನ್ನೊಂದು ದಿನ.
ಅನ್ನ ಮುಟ್ಟಿಲ್ಲ.
ಪೊನ್ನಂಪೇಟೆಯ ಅಕ್ಕಿ ಗಿರಣಿಯಲ್ಲಿ
ತೂಕ ಬರೆಯುವವನ ಬಾಯಲ್ಲಿ ಈ ಮಾತು ಕೇಳಿ
ಹಮಾಲಿ ಮೊಯ್ದು ಮೂಟೆ ಇಳಿಸಿ,
ಅದರ ಮೇಲೇ ಕೂತು ನಕ್ಕಿದ್ದ.

ಶನಿವಾರ ಸಂಜೆ ಶಟರ್ ಎಳೆದ ಮೇಲೆ
ಮೂಟೆ ನಿಲ್ಲುವ ಕಬ್ಬಿಣದ ಹಲಗೆ ಹತ್ತಿ ನಾನೇ ನಿಲ್ಲುತ್ತೇನೆ.
ತೊಂಬತ್ತಾರಿತ್ತು. ಈಗ ಎಂಬತ್ತಮೂರು.
ತಲೆಯಲ್ಲಿ, ಶರ್ಟಿನಲ್ಲಿ, ರೆಪ್ಪೆಯಲ್ಲಿ ತೌಡು;
ಅದನ್ನೂ ಕಳೆಯಬೇಕಲ್ಲ ಎಂದು
ಮೊಯ್ದು ಟವೆಲಿನಿಂದ ನನ್ನನ್ನು ಕೊಡವುತ್ತಾನೆ.

ಅಣ್ಣ ಪಳಂಗಪ್ಪನ ಕಾಲಿನ ಎರಡು ಬೆರಳು
ಮಂಗಳೂರಿನ ಆಸ್ಪತ್ರೆಯಲ್ಲೇ ಉಳಿದವು.
ಊರಿಗೆ ವಾಪಸು ಬಂದದ್ದು ಎಂಟು.
ಹೆಬ್ಬೆರಳಿದೆ, ಜೀಪಿನ ಬ್ರೇಕಿಗೆ ಅಷ್ಟು ಸಾಕು
ಅನ್ನುತ್ತಾನೆ ಅವನು, ರೊಟ್ಟಿ ಮುರಿಯುತ್ತ.
ನನಗೆ ಸಾಕಾಗಲಿಲ್ಲ.

ಕೈಲ್‌ಪೊಳ್ದ್ ಸಲೀಸಾಗಿ ಕಳೆದಿತ್ತು.
ಹಂದಿ ಇತ್ತು, ಕಾಚಂಪುಳಿ ಹಾಕಿ ಕಪ್ಪಗೆ ಬೆಂದದ್ದು,
ಹಲ್ಲಿಗೆ ಸಿಕ್ಕಿ ಕರಗುವ ನೆಣ.
ಪಕ್ಕದಲ್ಲಿ ಕಡಂಬುಟ್ಟುಗಳು
ಸ್ಕೂಲಿಗೆ ಬಿಡಲು ಬಂದವರ ಹಾಗೆ
ಗೇಟಿನವರೆಗೆ ಬಂದು ಹಿಂದಿರುಗಿದವು.
ಚಿಕ್ಕಪ್ಪ ಜೋಯಪ್ಪ ಮೂರನೇ ಪೆಗ್ಗಿಗೆ ಕೇಳಿದ:
"ಹಂದಿ ತಿನ್ನು ಅಂತ ಚೀಟಿ ಬರೆದುಕೊಡುವ ಡಾಕ್ಟರು
ಎಲ್ಲಿ ಕೂರುತ್ತಾನೆ? ನನ್ನನ್ನೂ ಕರಕೊಂಡು ಹೋಗು."

ಪುತ್ತರಿ ಹಾಗಲ್ಲ.
ಪುತ್ತರಿಗೆ ಅಕ್ಕಿಯೇ ದೇವರು.
ಸಾಲದ್ದಕ್ಕೆ ಈ ವರ್ಷ ಕದಿರು ಕೊಯ್ಯಲು
ನನ್ನ ನಕ್ಷತ್ರವೇ ಕೂಡಿಬಂತು.
ಅತ್ತಿಗೆ ಬೊಳ್ಳಮ್ಮ ಸೌಟು ಹಿಡಿದೇ ಅಂದಳು:
"ಮುನಿಸಿಕೊಂಡವನನ್ನೇ ಕರೆಸಿದ್ದಾಳೆ, ಹೋಗು."

ಬೆಳದಿಂಗಳು. ಕುಪ್ಯ ಸಡಿಲ.
ಹೋದ ವರ್ಷ ಉಸಿರು ಬಿಗಿಹಿಡಿದು ಕಟ್ಟಿದ ಚೇಲೆ
ಈಗ ಒಂದು ಸುತ್ತು ಹೆಚ್ಚು ಬರುತ್ತದೆ.
ಬದುವಿನ ಮೇಲೆ ಇಬ್ಬನಿ, ಟಾರ್ಚು, ಮಕ್ಕಳು, ಇಡೀ ಒಕ್ಕ.
ಬಾನಿಗೆ ತೋಕು ಹಾರಿತು.
ಪೊಲಿ ಪೊಲಿ ದೇವಾ!
ಬೆಸ ಲೆಕ್ಕದಲ್ಲಿ ಕೊಯ್ಯಬೇಕು: ಮೂರೋ, ಐದೋ, ಏಳೋ.
ಏಳನೆಯದಕ್ಕೆ ಕುಡುಗೋಲು ಬೆರಳಿಗೂ ತಾಗಿತು.

ಕದಿರು ಒಳಗೆ ಸೇರಿದ ಮೇಲೆ
ಕಣದ ಹಿಂದೆ, ಹುಲ್ಲಿನ ಬಣವೆಯ ಮರೆಗೆ ಹೋಗಿ
ಜೇಬಿನ ಯಂತ್ರ ತೆಗೆದೆ.
ಸೂಜಿ ಬೇಕಾಗಲಿಲ್ಲ.
ದಿನಾ ಚುಚ್ಚಿ ಹಿಂಡಿ ಕರೆಯುವ ಹನಿ
ಇಂದು ತಾನಾಗಿ ಬಂದು ನಿಂತಿತ್ತು.
ಪಟ್ಟಿ ಹೀರಿತು. ಐದು, ನಾಲ್ಕು, ಮೂರು...
ನೂರ ಹದಿನೇಳು.
ಬೆಸ!
ಯಾರಿಗಾದರೂ ಹೇಳಬೇಕೆನಿಸಿತು. ನಾಯಿ ಮಾತ್ರ ಇತ್ತು.

ತೂಗುದೀಪದ ಕೆಳಗೆ ಸಾಲಾಗಿ ಕೂತೆವು.
ತಂಬುಟ್ಟು ಬಂತು: ಬಾಳೆಹಣ್ಣು ಕಿವುಚಿ
ಹುರಿದ ಅಕ್ಕಿಯ ಹಿಟ್ಟು ಕಲಸಿದ್ದು,
ಮೇಲೆ ಎಳ್ಳು, ಕಾಯಿತುರಿ, ತುಪ್ಪ.
ಮೇಲಿನದನ್ನಷ್ಟೇ ಬಳಿದು ತಿಂದೆ,
ಗೋಡೆ ಬಿಟ್ಟು ಸುಣ್ಣ ನೆಕ್ಕಿದ ಹಾಗೆ.
ಬೊಳ್ಳಮ್ಮ ನೋಡಿದಳು.
ಏನೂ ಅನ್ನಲಿಲ್ಲ. ಎದುರು ಸಾಲಿನಲ್ಲಿ
ಅಣ್ಣನ ತಟ್ಟೆ ಆಗಲೇ ಖಾಲಿ;
ಅದಕ್ಕೂ ಅವಳು ಏನೂ ಅನ್ನಲಿಲ್ಲ.

ಆಮೇಲೆ ಪಾಯಸ.
ಈಗ ತಾನೆ ಉಗುರಿನಲ್ಲಿ ಸುಲಿದ ಹೊಸ ಕಾಳು
ಹಳೆಯ ಅಕ್ಕಿಯ ಜೊತೆ ಹಾಲಿನಲ್ಲಿ ಮುಳುಗಿವೆ.
ಇಪ್ಪತ್ತಾರು ವರ್ಷ ಅಕ್ಕಿ ನೋಡಿದ ಕಣ್ಣು,
ತುದಿಯ ತುಸು ಹಸಿರಿಗೇ ಗುರುತು ಸಿಕ್ಕಿತು.
ಚಮಚದ ಮೊನೆಯಲ್ಲಿ ಒಂದೊಂದಾಗಿ ಆರಿಸಿದೆ,
ಒಂದೊಂದಾಗಿ ಬಾಯಿಗಿಟ್ಟೆ.
ಏಳು.
ಹಾಲಲ್ಲ, ಬೆಲ್ಲವಲ್ಲ, ಏಲಕ್ಕಿಯಲ್ಲ,
ಸ್ವಲ್ಪ ಹೊತ್ತಿನ ಹಿಂದೆ ಕಾಲಿಗೆ ಮೆತ್ತಿದ ಗದ್ದೆ
ನಾಲಿಗೆಗೆ ಬಂತು.

ಎಂಟನೆಯದು ಚಮಚದ ಬೆನ್ನಿಗೆ ಅಂಟಿಕೊಂಡಿತ್ತು.
ಎಂಟು ಆಗದು.
ತಿಂದರೆ ಒಂಬತ್ತು ತಿನ್ನಬೇಕು.
ತಲೆ ಎತ್ತಿದೆ:
ಬೊಳ್ಳಮ್ಮ ಇನ್ನೊಂದು ಸೌಟು ತುಂಬಿ ಹಿಡಿದು
ಪಕ್ಕದಲ್ಲೇ ನಿಂತಿದ್ದಳು.